‘ಲೈನ್’ ಎಂದು ಬರೆಯುವ ಮುನ್ನ

ಸದಸ್ಯರ ಗಮನಕ್ಕೆ. ನಿನ್ನೆ ರಾತ್ರಿ ಗುಂಪಿನಲ್ಲಿ ‘ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದಿದೆ’ ಎಂಬ ಒಂದೇ ಸಾಲು ಬಂತು. ಅರ್ಧ ಜನ ಲೈನ್‌ಮನ್‌ಗೆ ಫೋನ್ ಮಾಡಿದರು. ಉಳಿದವರು ತೋಟದ ಕಾರ್ಮಿಕರ ಲೈನ್ ಮನೆಯೆಂದು ತಿಳಿದು ಜಡಿಮಳೆಯಲ್ಲಿ ಟಾರ್ಚ್ ಹಿಡಿದು ಓಡಿದರು. ಮರ ಬಿದ್ದಿದ್ದು ತಂತಿಯ ಮೇಲೆ. ಓಡಿದವರಿಗೆ ಸಿಕ್ಕಿದ್ದು ಜಿಗಣೆ.

ಬೇರೆ ಊರಿನವರಿಗೆ ಲೈನ್ ಎಂದರೆ ಗೆರೆ, ಸರತಿ ಸಾಲು, ಹೆಚ್ಚೆಂದರೆ ಫೋನ್ ಸಂಪರ್ಕ. ಕೊಡಗಿನಲ್ಲಿ ಮೊದಲು ಕಣ್ಣಿಗೆ ಬರುವುದು ಕಾಫಿ ತೋಟದ ಅಂಚಿನಲ್ಲಿ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕಾರ್ಮಿಕರ ಮನೆಗಳು, ಅವುಗಳ ಮುಂದೆ ಒಲೆಯ ಹೊಗೆ. ‘ಲೈನಿಗೆ ಹೋಗಿ ನಾಲ್ಕು ಆಳು ಕರೆದು ಬಾ’ ಎಂದರೆ ಮೈಸೂರಿನ ನೆಂಟರು ಕಣ್ಣು ಕಣ್ಣು ಬಿಡುತ್ತಾರೆ. ಅಂದ ಹಾಗೆ, ಇಂಗ್ಲಿಷಿನ ಈ ಪದದ ಬೇರು ಅಗಸೆ ನಾರಿನ ದಾರದಲ್ಲಿದೆ. ಲಿನನ್ ಬಟ್ಟೆ ಇದರ ದಾಯಾದಿ.

ಆದ್ದರಿಂದ ಇನ್ನು ಮುಂದೆ ‘ಕರೆಂಟ್ ಲೈನ್’ ಅಥವಾ ‘ಲೈನ್ ಮನೆ’ ಎಂದು ಪೂರ್ತಿಯಾಗಿ ಬರೆಯಿರಿ. ಯಾವ ತೋಟ, ಯಾವ ತಿರುವು ಎಂಬುದೂ ಇರಲಿ. ಹತ್ತು ನಿಮಿಷಕ್ಕೊಮ್ಮೆ ‘ಲೈನ್ ಬಂತೇ?’ ಎಂದು ಕೇಳುವವರಿಗೆ: ಬಂದಾಗ ನಿಮ್ಮ ಮನೆಯ ಬಲ್ಬೇ ಹೇಳುತ್ತದೆ.