ಇಯರ್‌ಬಡ್ಸ್ ಶಿಳ್ಳೆ ಹೊಡೆದರೆ ಎಸೆಯಬೇಡಿ, ಮೊದಲು ರಬ್ಬರ್ ನೋಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮಂಡ್ಯದವನು. ಕೆಲಸ ಬೆಂಗಳೂರಿನಲ್ಲಿ. ಒಂಬತ್ತು ವರ್ಷದಿಂದ ರೈಲಿನ ಪಾಸ್ ಮಾಡಿಸಿಕೊಂಡು ದಿನಾ ಓಡಾಡುತ್ತಿದ್ದೇನೆ. ಕಳೆದ ವಾರ ಮದ್ದೂರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಕಿವಿಯಿಂದ ಇಯರ್‌ಬಡ್ಸ್ ತೆಗೆದು ಡಬ್ಬಿಗೆ ಹಾಕುವುದು, ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುವುದು, ಮುಖ ಕಿವುಚಿ ಮತ್ತೆ ತೆಗೆಯುವುದು, ಹೀಗೇ ಮಾಡುತ್ತಿದ್ದಳು. ಏನಮ್ಮಾ ಆಯ್ತು ಅಂತ ಕೇಳಿದೆ. "ಎಡಗಡೇದು ಕುಂಯ್ ಅಂತ ಶಿಳ್ಳೆ ಹೊಡೀತಿದೆ ಅಂಕಲ್. ತಗೊಂಡು ಐದು ತಿಂಗಳೂ ಆಗಿಲ್ಲ. ಅಂಗಡಿಯವರು ಕೆಟ್ಟೋಗಿದೆ, ಹೊಸದು ತಗೊಳ್ಳಿ ಅಂದ್ರು. ಅಪ್ಪನಿಗೆ ಹೇಳೋಕೆ ಭಯ" ಅಂದಳು.

ತುದಿಯ ರಬ್ಬರ್ ತೆಗೆದು ಮೊಬೈಲ್ ಟಾರ್ಚಿನಲ್ಲಿ ನೋಡಿದೆವು. ಒಳಗಿನ ಸಣ್ಣ ಜಾಲರಿಯ ಮೇಲೆ ಕಿವಿಯ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅವಳ ಬ್ಯಾಗಿನಲ್ಲಿದ್ದ ಹೊಸ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ, ರಬ್ಬರನ್ನು ಸರಿಯಾಗಿ ಕೂರಿಸಿ ಕೊಟ್ಟೆ. ಶಿಳ್ಳೆ ನಿಂತುಹೋಯಿತು. ಬಿಡದಿ ಬರುವ ಹೊತ್ತಿಗೆ ಆ ಹುಡುಗಿ ಹಾಡು ಕೇಳುತ್ತಾ ಕೂತಿದ್ದಳು. ನಾನು ಮೆಕ್ಯಾನಿಕ್ ಅಲ್ಲ. ನನಗೆ ಇದು ಗೊತ್ತಾಗಿದ್ದು ಎರಡು ಸಾವಿರದ ಎಂಟುನೂರು ರೂಪಾಯಿ ಕಳೆದುಕೊಂಡ ಮೇಲೆ. ಇನ್ನೊಬ್ಬರು ಕಳೆದುಕೊಳ್ಳಬಾರದು ಅಂತ ಈ ಪತ್ರ.

ಹೋದ ವರ್ಷ ನನ್ನ ಬಡ್ಸ್ ಬಲಗಡೆಯದು ಇದೇ ರೀತಿ ಕೂಗಲು ಶುರು ಮಾಡಿತ್ತು. ಕಿಟಕಿ ಪಕ್ಕ ತಲೆ ಒರಗಿಸಿದರೆ ಸಾಕು, ಕೀಂ ಅಂತ ಸೂಜಿ ಚುಚ್ಚಿದ ಹಾಗೆ. ಏನಾದರೂ ತಿನ್ನುವಾಗ ದವಡೆ ಆಡಿಸಿದರೂ ಅಷ್ಟೇ. ಸರ್ವಿಸ್ ಸೆಂಟರಿನವರು ಕೈಗೆ ತಗೊಂಡು ನೋಡಲೂ ಇಲ್ಲ. "ಒಂದು ಬದಿ ಹೊಸದು ಹಾಕಬೇಕು, 2,800 ಆಗುತ್ತೆ" ಅಂದರು. ಹಾಕಿಸಿದೆ. ಮೂರು ವಾರ ಸರಿಯಿತ್ತು, ಆಮೇಲೆ ಹೊಸದೂ ಶಿಳ್ಳೆ ಹೊಡೆಯಿತು. ಮತ್ತೆ ಹೋದರೆ, ಜೋಡಿಯನ್ನೇ ಬದಲಾಯಿಸಿ ಅನ್ನುವ ಸಲಹೆ. ತುದಿಯ ರಬ್ಬರ್ ನಿಮ್ಮ ಕಿವಿಗೆ ಹೊಂದುತ್ತಾ ಅಂತ ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ಇವತ್ತಿಗೂ ಬೇಜಾರಿರುವುದು ಅದಕ್ಕೇ.

ಉತ್ತರ ಸಿಕ್ಕಿದ್ದು ಬೇರೆ ಕಡೆ. ನಮ್ಮ ತಂದೆಗೆ 74 ವರ್ಷ. ಕಿವಿಗೆ ಮಷೀನು ಇದೆ. ಆದರೆ "ಅದು ಕಿರುಚುತ್ತೆ ಕಣೋ" ಅಂತ ಒಂದು ವರ್ಷದಿಂದ ಅಲ್ಮೇರಾದಲ್ಲಿ ಇಟ್ಟುಬಿಟ್ಟಿದ್ದರು. ಮನೆಯಲ್ಲಿ ನಾವು ಮಾತಾಡುವುದು ಕೇಳಿಸದೆ ಸುಮ್ಮನೆ ಟಿವಿ ಕಡೆ ನೋಡುತ್ತಾ ಕೂರುತ್ತಿದ್ದರು. ಕೊನೆಗೆ ಒಂದು ದಿನ ರಜೆ ಹಾಕಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಅಲ್ಲಿನ ತಜ್ಞೆ ಮಷೀನನ್ನು ಕಿವಿಗೆ ಹಾಕಿ, ಅವರನ್ನು ಮಾತಾಡಿಸಿ, ಬಾಯಿ ಆಡಿಸಲು ಹೇಳಿ ನೋಡಿದರು. ಆಮೇಲೆ ಹೇಳಿದರು: ಮಷೀನು ಸರಿಯಾಗೇ ಇದೆ, ಕಿವಿಗೆ ಕೂರುವ ಅಚ್ಚು ಸಡಿಲವಾಗಿದೆ, ಜೊತೆಗೆ ಕಿವಿಯಲ್ಲಿ ಗುಗ್ಗೆ ತುಂಬಿದೆ. ಸ್ಪೀಕರಿನ ಸದ್ದು ಸಂದಿಯಿಂದ ಹೊರಗೆ ಸೋರಿ ಮೈಕಿಗೆ ಹೋಗುತ್ತೆ, ಮಷೀನು ಅದನ್ನೇ ಮತ್ತೆ ಜೋರು ಮಾಡಿ ಸ್ಪೀಕರಿಗೆ ಕೊಡುತ್ತೆ, ಅದೇ ಶಿಳ್ಳೆ. ನಮ್ಮ ತಂದೆಗಿಂತ ಮೊದಲು ನನಗೆ ಅರ್ಥವಾಯಿತು, ಯಾಕಂದರೆ ನನ್ನ ಜೇಬಿನಲ್ಲಿದ್ದ ಬಡ್ಸಿನ ಕಥೆಯೂ ಅದೇ.

ಗಣಪತಿ ಕೂರಿಸಿದಾಗ ಮೈಕ್ ಸೆಟ್ ಕೂಗುವುದನ್ನು ಎಲ್ಲರೂ ಕೇಳಿರುತ್ತೀರಿ. ಭಾಷಣ ಮಾಡುವವರು ಮೈಕ್ ಹಿಡಿದು ಬಾಕ್ಸ್ ಮುಂದೆ ಹೋಗಿ ನಿಂತರೆ ಕೂಂಯ್ ಅನ್ನುತ್ತೆ. ಸೌಂಡ್ ಸಿಸ್ಟಮ್ ಹುಡುಗ ಓಡಿ ಬಂದು ವಾಲ್ಯೂಮ್ ಇಳಿಸುತ್ತಾನೆ, ಇಲ್ಲ ಅವರನ್ನು ಹಿಂದಕ್ಕೆ ಕರೆಯುತ್ತಾನೆ. ಸೆಟ್ ಕೆಟ್ಟಿದೆ ಅಂತ ಯಾರೂ ಎಸೆಯುವುದಿಲ್ಲ, ಅಲ್ವಾ? ನಾಯ್ಸ್ ಕ್ಯಾನ್ಸಲೇಶನ್, ಅಂದರೆ ಹೊರಗಿನ ಗದ್ದಲ ತಗ್ಗಿಸುವ ವ್ಯವಸ್ಥೆ, ಇರುವ ಬಡ್ಸಿನಲ್ಲಿ ಮೈಕು, ಸ್ಪೀಕರ್ ಎರಡೂ ಒಂದು ಹುಣಸೆ ಬೀಜದಷ್ಟು ದೂರದಲ್ಲಿರುತ್ತವೆ. ಹೊರಗೊಂದು ಮೈಕ್ ರೈಲಿನ ಗದ್ದಲ ಕೇಳಿಸಿಕೊಳ್ಳುತ್ತದೆ. ಒಳಗೊಂದು ಮೈಕ್ ನಿಮ್ಮ ಕಿವಿಗೆ ಏನು ತಲುಪಿತು ಅಂತ ಕೇಳಿಸಿಕೊಳ್ಳುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ ಆ ಗದ್ದಲಕ್ಕೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಸ್ಪೀಕರಿನಿಂದ ಬಿಡುತ್ತದೆ. ಎರಡೂ ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ, ಕಿವಿಗೆ ತಣ್ಣಗಾಗುತ್ತದೆ.

ಇದು ದಪ್ಪ ಸದ್ದಿಗೆ ಚೆನ್ನಾಗಿ ನಡೆಯುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ಗುಂಯ್‌ಗುಡುವ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ ಇರುತ್ತದೆ. ಚಿಪ್ ಒಂಚೂರು ತಡ ಮಾಡಿದರೂ ಲೆಕ್ಕ ತಪ್ಪುವುದಿಲ್ಲ. ಆದರೆ 3,000 ಸಲ ಕಂಪಿಸುವ ಕೀರಲು ಸದ್ದಿನ ಅಲೆ ಬರೀ 11 ಸೆಂಟಿಮೀಟರ್. ಅಲ್ಲಿ ಒಂದು ಕೂದಲೆಳೆ ತಡವಾದರೆ ಕಳೆಯಬೇಕಾದ್ದು ಕೂಡಿಬಿಡುತ್ತದೆ. ಅದಕ್ಕೇ ಕೂಗು ಸಾಮಾನ್ಯವಾಗಿ ಕೀರಲಾಗಿರುವುದು. ಕಂಪನಿಯವರು ಬಡ್ಸ್ ಕಿವಿಯಲ್ಲಿ ಬಿಗಿಯಾಗಿ ಕೂತಿದೆ ಅಂತ ನಂಬಿಕೊಂಡು ಇದನ್ನೆಲ್ಲ ಹೊಂದಿಸಿರುತ್ತಾರೆ. ರಬ್ಬರ್ ಸಡಿಲವಿದ್ದರೆ, ಜಾಲರಿಗೆ ಗುಗ್ಗೆ ಮೆತ್ತಿದರೆ, ಹೊರಗಿನ ಮೈಕಿನ ಮೇಲೆ ಏನಾದರೂ ಮುಚ್ಚಿದರೆ ಆ ಲೆಕ್ಕವೇ ಅಡಿಮೇಲಾಗುತ್ತದೆ.

ಏನಾದರೂ ಮುಚ್ಚಿದರೆ ಅಂದೆನಲ್ಲ, ಡಿಸೆಂಬರ್ ಬಂದರೆ ನಮ್ಮ ರೈಲಿನಲ್ಲಿ ಬೆಳಿಗ್ಗೆ ಅರ್ಧ ಬೋಗಿ ಮಂಕಿ ಕ್ಯಾಪ್ ಹಾಕಿಕೊಂಡಿರುತ್ತದೆ. ಅದರೊಳಗೆ ಬಡ್ಸ್. ಉಣ್ಣೆ ಹೊರಗಿನ ಮೈಕಿಗೆ ಉಜ್ಜುತ್ತದೆ, ಸದ್ದನ್ನು ವಾಪಸ್ ಒಳಗೆ ತಳ್ಳುತ್ತದೆ. ದುಪಟ್ಟಾ, ದಿಂಬು, ಕಿಟಕಿಯ ಸರಳು, ಎಲ್ಲದರದೂ ಇದೇ ಕಥೆ. ಆಗ ಮೊದಲು ಟೋಪಿ ತೆಗೆದು ನೋಡಿ. ಹೆಲ್ಮೆಟ್ಟಿನೊಳಗೂ ಹೀಗೇ ಕೂಗುತ್ತೆ ಅಂತ ನನ್ನ ಭಾಮೈದ ಹೇಳಿದ. ಅದಕ್ಕೆ ನಾನು ಪರಿಹಾರ ಹೇಳಲಿಲ್ಲ, ಹೇಳುವುದೂ ಇಲ್ಲ. ಗಾಡಿ ಓಡಿಸುವಾಗ ಕಿವಿ ಮುಚ್ಚಿಕೊಳ್ಳುವುದು ಬೇಡವೇ ಬೇಡ, ಹಿಂದಿನಿಂದ ಬರುವ ಲಾರಿಯ ಹಾರನ್ ಕೇಳಿಸಬೇಕು.

ಪತ್ತೆ ಹಚ್ಚುವುದು ಕಷ್ಟವಿಲ್ಲ. ಮೊಬೈಲಿನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಿ. ಶಿಳ್ಳೆ ನಿಂತರೆ, ಮೈಕಿನಿಂದ ಸ್ಪೀಕರಿಗೆ ಸುತ್ತು ಹೊಡೆಯುತ್ತಿರುವ ಸದ್ದೇ ಅದು. ಆಮೇಲೆ ರಬ್ಬರ್ ನೋಡಿ. ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯ ರಬ್ಬರ್ ಕೊಟ್ಟಿರುತ್ತಾರೆ, ನಾವು ಮೊದಲೇ ಹಾಕಿ ಬಂದಿದ್ದನ್ನೇ ಬಳಸುತ್ತೇವೆ. ಎರಡು ಕಿವಿಯ ತೂತೂ ಒಂದೇ ಅಳತೆ ಇರಬೇಕು ಅಂತೇನಿಲ್ಲ. ನನಗೆ ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಬೇಕು, ಅದು ಗೊತ್ತಿದ್ದರೆ 2,800 ಉಳಿಯುತ್ತಿತ್ತು. ಹಾಕಿಕೊಳ್ಳುವಾಗ ಕಿವಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ಬಡ್ಸನ್ನು ತಿರುಗಿಸಿ ಕೂರಿಸಿ. ಕೆಲವು ಕಂಪನಿಗಳ ಆ್ಯಪಿನಲ್ಲೇ ಬಿಗಿಯಾಗಿ ಕೂತಿದೆಯಾ ಅಂತ ಪರೀಕ್ಷೆ ಇದೆ. ಒಂದು ಸದ್ದು ಹಾಕಿ ಒಳಗಿನ ಮೈಕಿನಿಂದ ಅಳೆಯುತ್ತದೆ. ಅದನ್ನೂ ಮಾಡಿ ನೋಡಿ.

ಜಾಲರಿ ಒರೆಸುವಾಗ ಅದರ ಮುಖ ಕೆಳಗಿರಲಿ, ಉದುರಿದ ಕಸ ಒಳಗೆ ಹೋಗಬಾರದು. ಒಣ ಮೆತ್ತನೆ ಬ್ರಷ್ ಸಾಕು. ಪಿನ್ನು, ಸೂಜಿ ಬೇಡ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತೆ. ರಬ್ಬರನ್ನು ಮಾತ್ರ ಬಿಚ್ಚಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಪಕ್ಕದಲ್ಲಿ ಒಂದು ಪುಟ್ಟ ಗಾಳಿ ಕಿಂಡಿ ಇರುತ್ತದೆ, ಅದು ಕಟ್ಟಿದ್ದರೂ ಕೂಗು ಬರುತ್ತದೆ. ಇದಾದ ಮೇಲೂ ಬಂದರೆ ಆ್ಯಪಿನಲ್ಲಿ ಹೊಸ ಅಪ್‌ಡೇಟ್ ಇದೆಯಾ ನೋಡಿ, ಆಮೇಲೆ ರೀಸೆಟ್ ಮಾಡಿ, ಬೇರೆ ಫೋನಿಗೆ ಜೋಡಿಸಿ ನೋಡಿ.

ಹೊರಗಿನ ಸದ್ದು ಕೇಳಿಸುವ ಮೋಡಿನಲ್ಲಿದ್ದಾಗ ಅಂಗೈ ಹತ್ತಿರ ತಂದರೆ, ಅಥವಾ ಆನ್ ಇರುವ ಬಡ್ಸನ್ನು ಮುಷ್ಟಿಯಲ್ಲಿ ಹಿಡಿದರೆ ಶಿಳ್ಳೆ ಬರುವುದು ಸಹಜ. ಅದಕ್ಕೆ ಹೆದರಬೇಡಿ. ಗಾಳಿ ಬೀಸುವಾಗ ಮಾತ್ರ ಬಂದರೆ ಗಾಳಿಯದೇ ಸದ್ದು. ಆದರೆ ಬಡ್ಸ್ ತೆಗೆದಿಟ್ಟ ಮೇಲೂ ಕಿವಿಯಲ್ಲಿ ಕುಂಯ್ ಅನ್ನುತ್ತಲೇ ಇದ್ದರೆ ಅದು ಬಡ್ಸಿನದಲ್ಲ, ನಿಮ್ಮ ಕಿವಿಯದು. ಕಿವಿ ಡಾಕ್ಟರ ಹತ್ತಿರ ಹೋಗಿ. ದಯವಿಟ್ಟು ಎಣ್ಣೆ ಕಾಯಿಸಿ ಬಿಡುವುದು, ಹೇರ್‌ಪಿನ್ ಹಾಕಿ ಕೆದಕುವುದು, ಬೈಕ್ ಕೀಯಲ್ಲಿ ತುರಿಸುವುದು ಬೇಡ. ವಾಲ್ಯೂಮ್ ಕೂಡ ಇಳಿಸಿ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಜಾಸ್ತಿ ಕೇಳಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲಿ ಕೂರುವ ನಮ್ಮಂಥವರಿಗೆ ಅದು ಬಹಳ ದೂರದ ಲೆಕ್ಕವಲ್ಲ.

ಇನ್ನೊಂದು ವಿಷಯ. ಅಂಗಡಿಗಳಲ್ಲಿ ಇಎನ್‌ಸಿ ಅಂತ ಬರೆದ ಡಬ್ಬಿ ತೋರಿಸಿ "ಸರ್, ನಾಯ್ಸ್ ಕ್ಯಾನ್ಸಲೇಶನ್ ಇದೆ" ಅನ್ನುತ್ತಾರೆ. ಇಎನ್‌ಸಿ ಎಂದರೆ ನೀವು ಫೋನಿನಲ್ಲಿ ಮಾತಾಡುವಾಗ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕಡಿಮೆ ಕೇಳಿಸುವುದು. ನಿಮ್ಮ ಕಿವಿಗೆ ಗದ್ದಲ ಕಡಿಮೆಯಾಗಬೇಕಾದರೆ ಎಎನ್‌ಸಿ ಬೇಕು. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಕೆಲಸ ಪೂರ್ತಿ ಬೇರೆ. ಕೇಳಿ ತಗೊಳ್ಳಿ.

ನಿಜವಾದ ದೋಷ ಇರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಳಗಿನ ಮೈಕಿಗೆ ಬೆವರು, ನೀರು ಹೋಗಿ ಹಾಳಾಗುವುದುಂಟು. ಕಾರ್ಖಾನೆಯಿಂದಲೇ ಕೆಟ್ಟು ಬರುವುದೂ ಉಂಟು. ಆ್ಯಪಲ್ ಕಂಪನಿ 2020ರ ಅಕ್ಟೋಬರಿನಲ್ಲಿ ಏರ್‌ಪಾಡ್ಸ್ ಪ್ರೊ ಬಡ್ಸುಗಳಲ್ಲಿ ಕೆಲವು ಚಟಪಟ ಸದ್ದು ಮಾಡುತ್ತಿವೆ, ನಾಯ್ಸ್ ಕ್ಯಾನ್ಸಲೇಶನ್ ಸರಿಯಾಗಿ ನಡೆಯುತ್ತಿಲ್ಲ ಅಂತ ತಾನೇ ಒಪ್ಪಿಕೊಂಡು, ಆ ತಿಂಗಳಿಗಿಂತ ಮೊದಲು ತಯಾರಾದವುಗಳಲ್ಲಿ ಈ ತೊಂದರೆ ಇದ್ದರೆ ಪುಕ್ಕಟೆ ಬದಲಾಯಿಸಿ ಕೊಟ್ಟಿತು. ದೊಡ್ಡ ಕಂಪನಿಯೇ ಒಪ್ಪಿಕೊಳ್ಳುವಾಗ ನಮ್ಮ ಸರ್ವಿಸ್ ಸೆಂಟರುಗಳು ಗ್ರಾಹಕ ಹೇಳಿದ್ದನ್ನು ಕಿವಿಗೊಟ್ಟು ಕೇಳಬಹುದಲ್ಲ. ಒರೆಸಿ, ರಬ್ಬರ್ ಬದಲಾಯಿಸಿ, ಎಲ್ಲ ನೋಡಿದ ಮೇಲೂ ಶಿಳ್ಳೆ ಹೋಗದಿದ್ದರೆ, ವಾರಂಟಿ ಇದ್ದರೆ, ಬಿಲ್ ತಗೊಂಡು ಹೋಗಿ ಕೇಳಿ. ಕೂಗುವುದನ್ನು ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ, ಅಲ್ಲಿ ಹೋದಾಗ ಅದು ಕೂಗದೇ ಇರಬಹುದು. ಅವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ವಸ್ತುವಿಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ಅಂಗಡಿಯವರಿಗೆ, ಕಂಪನಿಗಳಿಗೆ ನನ್ನ ಕೋರಿಕೆ ಸಣ್ಣದು. ಮಾರುವಾಗ ಎರಡು ನಿಮಿಷ ಕೊಟ್ಟು ಮೂರೂ ರಬ್ಬರ್ ಹಾಕಿಸಿ ನೋಡಿ. ರಿಪೇರಿಗೆ ಬಂದಾಗ ದುಡ್ಡು ಹೇಳುವ ಮೊದಲು ಜಾಲರಿ ಒರೆಸಿ. ಡಬ್ಬಿಯಲ್ಲಿ ಒಂದು ಪುಸ್ತಕ ಇಡುತ್ತೀರಿ, ನನ್ನದರಲ್ಲಿ ಹನ್ನೊಂದು ಭಾಷೆ ಇತ್ತು, ಕನ್ನಡ ಇರಲಿಲ್ಲ. ಅರ್ಧ ಪುಟ ಕನ್ನಡದಲ್ಲಿ ಬರೆದು ಇಟ್ಟರೆ ಸಾಕು. ಆ ಹುಡುಗಿ ಅದನ್ನು ಓದಿಕೊಂಡಿದ್ದರೆ ಅಪ್ಪನಿಗೆ ಹೆದರಿಕೊಂಡು ಐದು ದಿನ ಓಡಾಡುತ್ತಿರಲಿಲ್ಲ.

ಈ ಪತ್ರವನ್ನು ನಿನ್ನೆ ರಾತ್ರಿ ಊಟವಾದ ಮೇಲೆ ತಂದೆಗೆ ಓದಿ ಹೇಳಿದೆ. ಈಗ ಅವರು ಮಷೀನು ಹಾಕಿಕೊಂಡೇ ಇರುತ್ತಾರೆ, ಮೆಲ್ಲಗೆ ಓದಿದರೂ ಕೇಳಿಸುತ್ತೆ. ಪೂರ್ತಿ ಕೇಳಿಸಿಕೊಂಡು, "ಹುಡುಗರದೇ ಬರೆದಿದೀಯ, ನಮ್ಮಂಥವರದೂ ಬರಿ. ಅಚ್ಚು ಸಡಿಲ ಆದ್ರೆ ಹೊಸ ಅಚ್ಚು ಮಾಡಿಸ್ಬೋದು, ಮಷೀನು ಬದಲಾಯಿಸ್ಬೇಕಿಲ್ಲ ಅಂತ ಬರಿ. ಎಷ್ಟು ಜನ ಅಲ್ಮೇರಾದಲ್ಲಿ ಇಟ್ಟಿದಾರೋ" ಅಂದರು. ಅದಕ್ಕೇ ಅದನ್ನೂ ಬರೆದಿದ್ದೇನೆ.

— ಒಬ್ಬ ರೈಲು ಪ್ರಯಾಣಿಕ, ಮಂಡ್ಯ