ಲಂಡನ್ನಿಗೆ ಹೊಸದಾಗಿ ಬಂದವರಿಗೆ: 'ನಿಕ್' ಎಂದರೆ ಏನು?

ಎಲ್ಲರಿಗೂ ನಮಸ್ಕಾರ. ಈ ಸಲ ಓದಲು ಬಂದಿರುವವರು ದಯವಿಟ್ಟು ಪೂರ್ತಿ ಓದಿ.

ಇಲ್ಲಿ ಯಾರಾದರೂ ನಿಮ್ಮ ಸೈಕಲ್ 'ನಿಕ್' ಆಯ್ತು ಎಂದರೆ ಅದು ಕಳುವಾಗಿದೆ. ಸಣ್ಣಪುಟ್ಟ ಕಳ್ಳತನಕ್ಕೆ ಈ ಮಾತೇ ಜಾಸ್ತಿ. 'ಪಿಂಚ್' ಎಂದರೂ ಅದೇ. ಅದಕ್ಕೆ ಪ್ರಾಸ ಹೊಂದಿಸಿ ಲಂಡನ್ನಿನ ಪೂರ್ವ ಭಾಗವಾದ ಈಸ್ಟ್ ಎಂಡ್ ಕಡೆಯವರು ಕಟ್ಟಿದ್ದು 'ಹಾಫ್ ಇಂಚ್'. ಆದರೆ ಪೊಲೀಸರು ಒಬ್ಬರನ್ನು 'ನಿಕ್' ಮಾಡಿದರು ಎಂದರೆ ಬಂಧಿಸಿದರು ಎಂದರ್ಥ. 'ದ ನಿಕ್' ಎಂದರೆ ಠಾಣೆ ಅಥವಾ ಜೈಲು. ಹಳೆ ಸೈಕಲ್ ಮಾರುವವರು 'ಇನ್ ಗುಡ್ ನಿಕ್' ಎಂದು ಬರೆದಿದ್ದರೆ ಗಾಬರಿ ಬೇಡ, ಸೈಕಲ್ ಚೆನ್ನಾಗಿದೆ ಅಷ್ಟೇ.

ಇವು ಮಾತಿನ ಪದಗಳು. ದೂರು ಬರೆಯುವಾಗ 'ಸ್ಟೋಲನ್' ಎಂದೇ ಬರೆಯಿರಿ. ಕಳ್ಳತನ ಕಣ್ಣೆದುರೇ ನಡೆಯುತ್ತಿದ್ದರೆ 999ಕ್ಕೆ, ಆಮೇಲೆ ಗೊತ್ತಾದರೆ 101ಕ್ಕೆ ಫೋನ್ ಮಾಡಿ.

ಭಾನುವಾರದೊಳಗೆ ಎಲ್ಲರೂ ಫೋನಿನಲ್ಲಿ *#06# ಒತ್ತಿ, ಬರುವ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕಾಗದದಲ್ಲಿ ಬರೆದಿಡಿ. ಫೋನ್ ಹೋದರೆ ಪೊಲೀಸರು ಮೊದಲು ಕೇಳುವ ವಿವರಗಳಲ್ಲಿ ಅದೂ ಒಂದು. ಸಂಖ್ಯೆಯನ್ನು ಈ ಗುಂಪಿನಲ್ಲಿ ಹಾಕಬೇಡಿ. ಬರೆದಿಟ್ಟವರು 'ಆಯ್ತು' ಎಂದು ಉತ್ತರಿಸಿ. ನಿಮ್ಮ ರೂಮ್‌ಮೇಟ್‌ಗಳಿಗೂ ತಿಳಿಸ್ತೀರಿ ಅಲ್ವಾ?