ಗಾಳಿ ಇಳಿದ ಮೇಲೆ ದಂಡೆಯಲ್ಲಿ ಕೂತ ಹಕ್ಕಿ

ಮಾನ್ಯ ಸಂಪಾದಕರೇ,

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದು ಹೋದ ಮೇಲೆ ಕರಾವಳಿಯಲ್ಲಿ ‘ಅಪರೂಪದ ಹಕ್ಕಿ ಪತ್ತೆ’ ಎಂಬ ಚಿತ್ರಗಳು ಹರಿದಾಡುತ್ತವೆ. ಎಷ್ಟೋ ಸಲ ಅದು ಯಾರದೋ ಕೈಯಲ್ಲಿ ರೆಕ್ಕೆ ಬಿಡಿಸಿ ಹಿಡಿದ ಟರ್ನ್, ಅಂದರೆ ಕಡಲ ರೀವ. ಅದಕ್ಕೆ ಬೇಕಿದ್ದುದು ಕೆಲವು ತಾಸು ಸುಮ್ಮನೆ ಕೂರಲು ಒಂದು ಜಾಗ.

ಹಕ್ಕಿ ಯಾವಾಗ ಬರುತ್ತದೆ ಎಂಬುದನ್ನು ಗಾಳಿಯ ದಿಕ್ಕು ಹೇಳುತ್ತದೆ. ನಮ್ಮ ಕಡೆ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಕೇಂದ್ರ ನಮಗಿಂತ ದಕ್ಷಿಣದಲ್ಲಿರುವಾಗ ಗಾಳಿ ಹೆಚ್ಚಾಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಕೇಂದ್ರ ಉತ್ತರಕ್ಕೆ ಸರಿದ ಮೇಲೆ ಪಡುಗಾಳಿ ನೇರ ದಡಕ್ಕೆ ಹೊಡೆಯುತ್ತದೆ, ಹಕ್ಕಿಗಳನ್ನು ತರುವುದು ಅದೇ. 2021ರ ಮೇ ತಿಂಗಳ ತೌಕ್ತೆ ಹೀಗೆ ನಮ್ಮ ದಡದ ಉದ್ದಕ್ಕೂ ಸಾಗಿ ಗುಜರಾತಿನಲ್ಲಿ ನೆಲ ಮುಟ್ಟಿತ್ತು. ಎಚ್ಚರಿಕೆ ಜಾರಿಯಲ್ಲಿರುವಾಗ ದಂಡೆಗೆ ಇಳಿಯಲೇಬಾರದು. ಗಾಳಿ ತಗ್ಗಿದ ಮೊದಲ ಬೆಳಗ್ಗೆ ಹೋದರೆ ಸಾಕು, ಪಶ್ಚಿಮ ಕರಾವಳಿಯಲ್ಲಿ ಆಗ ಸೂರ್ಯ ಬೆನ್ನಿಗಿರುತ್ತಾನೆ, ಬಣ್ಣ ಸರಿಯಾಗಿ ಕಾಣುತ್ತದೆ. ದೂರದರ್ಶಕದ ಮುಕ್ಕಾಲಿಯನ್ನು ತಗ್ಗಿಸಿ, ಅಲುಗದಂತೆ ನಡುವೆ ಚೀಲ ತೂಗುಹಾಕಿ. ಗಾಳಿಯಲ್ಲಿ 25–30 ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ನಡುಕವೇ ಹಿಗ್ಗುತ್ತದೆ. ಉಪ್ಪು ಹಿಡಿದ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಗೊಂದಲವಾಗುವುದು ಬ್ರೈಡಲ್ಡ್ ಮತ್ತು ಸೂಟಿ ಟರ್ನ್‌ಗಳಲ್ಲಿ. ಎರಡಕ್ಕೂ ಬೆನ್ನು ಗಾಢ ಬಣ್ಣ, ಹೊಟ್ಟೆ ಬಿಳಿ. ಹಣೆ ನೋಡಿ: ಬ್ರೈಡಲ್ಡ್‌ನಲ್ಲಿ ಬಿಳಿ ಪಟ್ಟಿ ಕಿರಿದಾಗಿ ಕಣ್ಣು ದಾಟಿ ಹಿಂದೆ ಹೋಗುತ್ತದೆ, ಬೆನ್ನು ಕಂದುಬೂದು. ಸೂಟಿಯಲ್ಲಿ ಬಿಳಿ ಅಗಲವಾಗಿ ಕಣ್ಣಿಗೇ ನಿಲ್ಲುತ್ತದೆ, ನೆತ್ತಿ ಬೆನ್ನು ಒಂದೇ ಕಪ್ಪು. ಸೂಟಿಯ ಎಳೆ ಹಕ್ಕಿ ಮೈ ಬಹುಪಾಲು ಮಸಿಗಂದು, ಬೆನ್ನ ಮೇಲೆ ಬಿಳಿ ಚುಕ್ಕಿ. ಅದನ್ನು ನಾಡ್ಡಿ (ಮೈ ಕಂದಾದ ಇನ್ನೊಂದು ಬಗೆಯ ಟರ್ನ್) ಎಂದು ಬರೆದುಬಿಡುವವರಿದ್ದಾರೆ. ನಾಡ್ಡಿಗೆ ನೆತ್ತಿ ಮಾಸಲು ಬಿಳಿ. ಹೆಸರು ಗೊತ್ತಾಗದಿದ್ದರೆ ಚಿತ್ರ, ಸಮಯ, ಗಾಳಿಯ ದಿಕ್ಕು ದಾಖಲಿಸಿ. ಸತ್ತು ಬಿದ್ದ ಹಕ್ಕಿಯದೂ ದಾಖಲೆಯೇ.

ಮೇ–ಜೂನ್‌ನ ಗಾಳಿ ಮುಖ್ಯವಾಗಿ ಕಡಲಹಕ್ಕಿ ತರುತ್ತದೆ, ದಂಡೆಹಕ್ಕಿಗಳಲ್ಲಿ ಬಹುಪಾಲು ಆಗ ಉತ್ತರಕ್ಕೆ ಹೋಗಿರುತ್ತವೆ. ಅಕ್ಟೋಬರ್–ನವೆಂಬರ್‌ನದು ಬೇರೆ ಕಥೆ. ಆಗ ಸ್ಯಾಂಡ್ ಪ್ಲವರ್, ಸ್ಯಾಂಡರ್‌ಲಿಂಗ್, ಟರ್ನ್‌ಸ್ಟೋನ್‌ಗಳು ದೂರದ ಹಾರಾಟ ಮುಗಿಸಿ ಸೊರಗಿ ಇಳಿದಿರುತ್ತವೆ. ಅಘನಾಶಿನಿಯಂಥ ಅಳಿವೆಗಳಲ್ಲಿ ಉಬ್ಬರದ ತುದಿಗೆ ಎರಡು ತಾಸು ಮೊದಲು ನಿಂತರೆ ಏರುವ ನೀರೇ ಹಕ್ಕಿಗಳನ್ನು ಹತ್ತಿರ ತರುತ್ತದೆ, ನಾವು ನಡೆಯಬೇಕಿಲ್ಲ. ಆದರೆ ಪಡುಗಾಳಿ ನೀರನ್ನು ಒಳಕ್ಕೆ ತಳ್ಳುವುದರಿಂದ ಉಬ್ಬರದ ಪಟ್ಟಿಯಲ್ಲಿರುವುದಕ್ಕಿಂತ ನೀರು ಮೇಲೇರುತ್ತದೆ, ಇಳಿತದಲ್ಲೂ ಕೆಸರು ಬಯಲು ಪೂರ್ತಿ ತೆರೆಯದೆ ಹೋಗಬಹುದು. ಮೇಯುವ ನೆಲ ಕಿರಿದಾದ ಅಂಥ ದಿನವೇ ನಾಯಿ, ಬೈಕು, ಡ್ರೋನ್ ಹಕ್ಕಿಗಳನ್ನು ಪದೇಪದೇ ಎಬ್ಬಿಸುತ್ತವೆ. ಹಕ್ಕಿ ಮೇಯುವುದು ನಿಲ್ಲಿಸಿ ಕತ್ತೆತ್ತಿದರೆ ನೀವು ಅತಿ ಹತ್ತಿರ ಹೋಗಿದ್ದೀರಿ ಎಂದರ್ಥ. ಹಿಂದೆ ಸರಿಯಿರಿ.

ಏಳಲಾರದ ಹಕ್ಕಿಯನ್ನು ‘ಬಿಡುಗಡೆ’ ಎಂದು ಅಲೆಗೆ ಎಸೆಯುವುದು ಅದನ್ನು ಮುಳುಗಿಸಿದಂತೆ. ಗಾಯವಿದ್ದರೆ, ನಾಯಿಯ ಭಯವಿದ್ದರೆ ಮಾತ್ರ ಕೈಗವಸು ಹಾಕಿ, ಟವೆಲ್ ಹೊದಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಡಿ. ಕೊಕ್ಕಿನೊಳಗೆ ನೀರು ಹೊಯ್ದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಅನ್ನ, ಬ್ರೆಡ್, ಹಾಲು ಬೇಡ. ಚುಚ್ಚುತ್ತದೆಂದು ಬೂಬಿ ಎಂಬ ದೊಡ್ಡ ಕಡಲಹಕ್ಕಿಯ ಕೊಕ್ಕಿಗೆ ದಾರ ಕಟ್ಟಲೇಬೇಡಿ: ಅದಕ್ಕೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲ, ಬಾಯಿಯ ಅಂಚಿನಿಂದಲೇ ಉಸಿರಾಡುತ್ತದೆ. ನಿಮ್ಮ ಮುಖ ದೂರವಿಟ್ಟುಕೊಳ್ಳಿ, ಅರಣ್ಯ ಇಲಾಖೆಗೆ ತಿಳಿಸಿ.

ಪತ್ರಿಕೆಯಲ್ಲಿ ಒಂದು ಕೋರಿಕೆ: ಚಂಡಮಾರುತದ ಸುದ್ದಿಯ ಪಕ್ಕದಲ್ಲಿ ಗಾಳಿಯ ದಿಕ್ಕು ಮತ್ತು ಉಬ್ಬರದ ಹೊತ್ತನ್ನೂ ಮುದ್ರಿಸಿ, ರೆಕ್ಕೆ ಹಿಗ್ಗಿಸಿ ಹಿಡಿದ ಹಕ್ಕಿಯ ಚಿತ್ರಗಳನ್ನು ಕೈಬಿಡಿ.

ಇತಿ,
ಹಕ್ಕಿ ವೀಕ್ಷಕರು, ಉಡುಪಿ